ಕಣಗಿಲೆಯ ಕಡ್ಡಿ

ಹೆದ್ದಾರಿಯ ನಡುವೆ ನೆಟ್ಟ ಕಣಗಿಲೆಯ ವಾಸನೆ ಬಸ್ಸಿನೊಳಗೆ ಬಂದರೆ ಇವತ್ತಿಗೂ ನಾನು ಕಿಟಕಿ ಮುಚ್ಚುತ್ತೇನೆ.

ಅರವತ್ತರ ದಶಕದ ಒಂದು ಬೇಸಿಗೆ, ನಮ್ಮೂರು ಓಡೈಪಟ್ಟಿಯ ಬಾವಿಗಳೆಲ್ಲ ಬತ್ತಿದ್ದವು. ನಮ್ಮ ಅಂಗಳದಲ್ಲಿ ಮಾತ್ರ ಅಪ್ಪ ಕೊಡೈಕಾನಲ್‌ನಿಂದ ತಂದ ಗುಲಾಬಿ ಗಿಡ ಹಸುರಾಗಿತ್ತು. ಮಧ್ಯಾಹ್ನ ಪಕ್ಕದ ಮನೆಯ ಅಜ್ಜಿ ಖಾಲಿ ಚೊಂಬು ಹಿಡಿದು ಬಂದಳು.

“ಒಂದ್ ಚೊಂಬು ನೀರ್ ಕೊಡು ತಾಯೀ.”

“ನಮ್ಮನೇಲೂ ಒಂದ್ ತೊಟ್ಟೂ ಇಲ್ಲ ಅತ್ತೆ,” ಎಂದಳು ಅವ್ವ. ಹೌದೆಂದು ನಾನೂ ತಲೆಯಾಡಿಸಿದೆ.

ಅಜ್ಜಿಯ ಕಣ್ಣು ಗುಲಾಬಿಯ ಬುಡಕ್ಕೆ ಹೋಯಿತು. ನಾನು ಆಗಷ್ಟೇ ಹೊಯ್ದ ನೀರು ಮಣ್ಣಿನಲ್ಲಿ ಇನ್ನೂ ಗುಳ್ಳೆ ಬಿಡುತ್ತಿತ್ತು. ಖಾಲಿ ಚೊಂಬು ಹಿಡಿದೇ ಹೋದಳು. ಅವ್ವ ಬಾಗಿಲು ಎಳೆದುಕೊಂಡಳು.

ಸಂಜೆ ಅಜ್ಜಿ ಮತ್ತೆ ಬಂದು ಕಣಗಿಲೆಯ ಕಡ್ಡಿಯೊಂದನ್ನು ನನ್ನ ಕೈಗಿಟ್ಟಳು. ದನಿ ಮೆತ್ತಗೇ ಇತ್ತು.

“ಇದ್ನ ನೆಡು ಕಣ್ಣಾ. ಇದು ಯಾರ್ ಬಾಗ್ಲಿಗೂ ನೀರ್ ಕೇಳ್ಕೊಂಡ್ ಬರಲ್ಲ.”