ಹೆಬ್ಬೆರಳಿನ ತೂಕ

"ಹಾಗೇ ಇರ್ಲಿ ಅಮ್ಮ, ಕೈ ತೆಗೀಲೇಬೇಡಿ!" ಎಂದು ರಿಪೇರಿಯವಳು ಕೂಗಿದಳು. ಬೆಳಗಿನಿಂದ ಪರದೆಯ ಮೇಲೆ ಹಟ ಹಿಡಿದು ಕೂತಿದ್ದ ಹಾರ್ಡ್ ಡಿಸ್ಕ್ ಕಂಟ್ರೋಲರಿನ ದೋಷದ ಸಾಲು ಮಾಯವಾಗಿತ್ತು.

ಅವಳು ತಂತಿ ಬದಲಿಸಿದ್ದಳು, ಇನ್ನೊಂದು ಕಿಂಡಿಗೆ ಚುಚ್ಚಿ ನೋಡಿದ್ದಳು, ಕೊನೆಗೆ ಡಿಸ್ಕನ್ನೇ ಕಂಪ್ಯೂಟರಿನ ಡಬ್ಬಿಯಿಂದ ಹೊರತೆಗೆದು ಸಾಹೇಬರ ಮನೆಯ ಊಟದ ಮೇಜಿನ ಮೇಲೆ ಬೋರಲು ಮಲಗಿಸಿದ್ದಳು. ಅದರ ಹೊಟ್ಟೆಗೆ ಅಂಟಿಕೊಂಡ ಹಸಿರು ಹಲಗೆಯೇ ಕಂಟ್ರೋಲರು. ಅದರ ಒಂದು ಮೂಲೆಯಲ್ಲಿ ಬೆಸುಗೆ ಬಿಟ್ಟಿತ್ತು. ಅಲ್ಲಿ ಹದವಾಗಿ ಒತ್ತಿದರೆ ಡಿಸ್ಕಿಗೆ ಜೀವ, ಬಿಟ್ಟರೆ ಇಲ್ಲ. "ಬೆಸುಗೆ ಆಮೇಲೆ ಸಾರ್. ಕಾಯಿಸುವಾಗ ಪೂರ್ತಿ ಸತ್ತೇಹೋದ್ರೆ? ಮೊದಲು ಒಳಗಿರೋದನ್ನ ನನ್ನ ಡಿಸ್ಕಿಗೆ ಇಳಿಸ್ಕೊಳ್ಳೋಣ."

ಒಳಗಿದ್ದದ್ದು ಸಾಹೇಬರ ಆತ್ಮಕಥೆ. ತೂಕ ಮತ್ತು ಅಳತೆ ಇಲಾಖೆಯ ಇನ್‌ಸ್ಪೆಕ್ಟರ್ ಆಗಿ ನಿವೃತ್ತರಾದ ಮೇಲೆ ಏಳು ವರ್ಷ ಕೂತು ಬರೆದ ಹತ್ತೊಂಬತ್ತು ಅಧ್ಯಾಯ. ಇನ್ನೊಂದು ಪ್ರತಿ ಎಲ್ಲೂ ಇರಲಿಲ್ಲ. ಯಾರಾದರೂ ಕದ್ದು ಓದಿಯಾರು ಎಂಬ ಭಯಕ್ಕೆ ಅವರು ಹೆಂಡತಿಗೂ ತೋರಿಸಿರಲಿಲ್ಲ. ಮೊದಲು ತಾವೇ ಒತ್ತಲು ಹೋದರು. ಕೈ ನಡುಗಿತು. ರಬ್ಬರ್ ಬ್ಯಾಂಡು, ಮಡಿಸಿದ ಕಾಗದ ಯಾವುದೂ ಹದಕ್ಕೆ ಬರಲಿಲ್ಲ. ಆಗ ಅವರ ಹೆಂಡತಿ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ದುಡಿದ ಅವರನ್ನು ನೆರೆಯವರು ಈಗಲೂ ನರ್ಸಮ್ಮ ಎಂದೇ ಕರೆಯುತ್ತಿದ್ದರು. ಬಟ್ಟೆಯ ಚೂರೊಂದನ್ನು ಇಟ್ಟು ಅದರ ಮೇಲೆ ಅವರು ಹೆಬ್ಬೆರಳು ಊರಿದ್ದೇ ತಡ, ಡಿಸ್ಕ್ ಗುಂಯ್ ಎಂದು ತಿರುಗತೊಡಗಿತು.

ನಾಲ್ಕು ಅಧ್ಯಾಯ ಇಳಿದವು. "ಅಕ್ಷರ ಸರಿಯಾಗಿ ಬಂದಿದೆಯಾ ನೋಡೋಣ," ಎಂದು ರಿಪೇರಿಯವಳು ನಾಲ್ಕನೆಯದನ್ನು ತೆರೆದು ಗಟ್ಟಿಯಾಗಿ ಓದಿದಳು: "'ಸಕ್ಕರೆಯ ಪೊಟ್ಟಣವನ್ನು ಅಂಗೈಯಲ್ಲಿ ಎತ್ತಿದ ಕ್ಷಣವೇ ನೂರು ಗ್ರಾಂ ಕಡಿಮೆಯೆಂದು ನಾನು ಅರಿತೆ. ಆ ಅಂಗಡಿಯ ಟೊಳ್ಳು ತೂಕದ ಕಲ್ಲನ್ನು ಹಿಡಿದದ್ದಕ್ಕೆ ಇಲಾಖೆಯು ನನಗೆ ಪ್ರಶಂಸಾಪತ್ರ ನೀಡಿತು.'"

ಪರದೆಯ ಮೇಲೆ ದೋಷದ ಸಾಲು ಮತ್ತೆ ಬಂತು.

"ಏನೇ, ಕೈ ಜಾರಿತಾ?"

"ಜಾರಲಿಲ್ಲ, ನಾನೇ ಎತ್ತಿದೆ. ಅಂಗೈಯಲ್ಲಿ ಎತ್ತಿದ್ರಂತೆ! ಆ ಪೊಟ್ಟಣಾನ ಆಸ್ಪತ್ರೆಗೆ ತಗೊಂಡುಹೋಗಿ, ಕೂಸು ತೂಗೋ ತಕ್ಕಡೀಲಿ ಮಲಗಿಸಿ ತೂಗಿದ್ದು ಯಾರು? ನಿಮಗೆ ಬಂದು ಹೇಳಿದ್ರೆ, ಸಕ್ಕರೆ ದಾರೀಲಿ ಸೋರಿರಬೇಕು ಅಂದ್ರಿ."

"ಅದೆಲ್ಲ ಈಗ್ಯಾಕೆ? ಒತ್ತು, ಒತ್ತು!"

"ಸರಿಯಾಗಿ ಬರೀರಿ. ಒತ್ತುತೀನಿ."

ಸಾಹೇಬರು ರಿಪೇರಿಯವಳ ಮುಖ ನೋಡಿದರು. ಅವಳು ಫ್ಯಾನಿನ ಕಡೆ ನೋಡಿದಳು.

"ಬರ್ಕೊಳಮ್ಮ," ಎಂದು ಸಾಹೇಬರು ಗಂಟಲು ಸರಿಮಾಡಿಕೊಂಡರು. "'ಆಸ್ಪತ್ರೆಯ ಒಬ್ಬ ನರ್ಸ್ ನೀಡಿದ ಸುಳಿವಿನ ಮೇರೆಗೆ...'"

ಹೆಬ್ಬೆರಳು ಗಾಳಿಯಲ್ಲೇ ಇತ್ತು.

"'ನನ್ನ ಪತ್ನಿ ನೀಡಿದ ಸುಳಿವಿನ...'"

"ಸುಳಿವಾ? ತೂಕಾನ ಚೀಟೀಲಿ ಬರೆದು ಕೈಗೆ ಕೊಟ್ಟಿದ್ದೆ."

"'ನನ್ನ ಪತ್ನಿ ತಾನೇ ತೂಗಿ, ಚೀಟಿಯಲ್ಲಿ ಬರೆದು, ನನ್ನ ಕೈಗೆ ಕೊಟ್ಟ ಮೇಲೆ...' ಸಾಕಾ ತಾಯಿ?"

ಹೆಬ್ಬೆರಳು ಇಳಿಯಿತು.

ಐದು, ಆರು ತಕರಾರಿಲ್ಲದೆ ದಾಟಿದವು. ಏಳನೆಯದಕ್ಕೆ, "ಅದನ್ನೇನೂ ತೆರೆದು ನೋಡೋದು ಬೇಡ," ಎಂದರು ಸಾಹೇಬರು. ಅಷ್ಟರಲ್ಲಿ ರಿಪೇರಿಯವಳು ತೆರೆದಾಗಿತ್ತು. "'ಮಗಳು ಹುಟ್ಟುವ ತನಕ ಹನಿ ನೀರೂ ಮುಟ್ಟದೆ ಹೆರಿಗೆ ಕೋಣೆಯ ಬಾಗಿಲಲ್ಲೇ ನಿಂತಿದ್ದೆ.'"

"ಕ್ಯಾಂಟೀನಲ್ಲಿದ್ರಿ," ಎಂದರು ನರ್ಸಮ್ಮ. "ಹೊಟ್ಟೆ ತುಂಬ ತಿಂದು, ಕ್ಯಾಂಟೀನಿನವನ ತಕ್ಕಡಿಗೆ ಸರ್ಕಾರದ ಮುದ್ರೆ ಇಲ್ಲ ಅಂತ ಜಗಳಕ್ಕೆ ನಿಂತಿದ್ರಿ. ಆ ಕಿರುಚಾಟ ನನಗೆ ಒಳಗೆ ಕೇಳಿಸ್ತಿತ್ತು. ಯಾರಪ್ಪ ಅದು ಅಂತ ಡಾಕ್ಟರು ಕೇಳಿದ್ರೆ, ಗೊತ್ತಿಲ್ಲ ಅಂದೆ."

ರಿಪೇರಿಯವಳು ಕೆಮ್ಮು ಬಂದವಳಂತೆ ಬಾಯಿಗೆ ಕೈ ಅಡ್ಡ ಹಿಡಿದಳು.

"ಇದನ್ನೂ ಬರೆಸ್ಬೇಕಾ?"

"ಗೊತ್ತಿಲ್ಲ ಅಂದಿದ್ದು ಬೇಡ. ಮಿಕ್ಕಿದ್ದು ಬರೆಸಿ."

ಹನ್ನೊಂದಕ್ಕೆ ಬರುವಷ್ಟರಲ್ಲಿ ಸಾಹೇಬರು ಕುರ್ಚಿಯನ್ನು ಹೆಂಡತಿಯ ಪಕ್ಕಕ್ಕೆ ಎಳೆದುಕೊಂಡಿದ್ದರು. ಬೆರಳು ಏಳುವ ಮೊದಲೇ ಕೇಳುತ್ತಿದ್ದರು. ವರ್ಗ ಆದಾಗ ಮೊದಲು ಇದ್ದ ಮನೆ ಮಹಡಿಯ ಮೇಲೋ ಕೆಳಗೋ? ನಿನ್ನ ಜೊತೆಗಿದ್ದ ಆ ಉದ್ದನೆಯ ಸಿಸ್ಟರು ಆಮೇಲೆ ಏನಾದ್ಲು? ನನಗೆ ಕಾಮಾಲೆ ಆದಾಗ ನೀನು ರಜೆ ಹಾಕಿದ್ಯೋ, ಅಥವಾ ಕೆಲಸಕ್ಕೆ ಹೋಗಿ ಬಂದು ನೋಡ್ಕೊಂಡ್ಯೋ? ನರ್ಸಮ್ಮ ಹೇಳುತ್ತ ಹೋದರು. ಎಷ್ಟೋ ವರ್ಷಗಳಿಂದ ಆ ಮನೆಯಲ್ಲಿ ಸಾಹೇಬರು ಕೇಳುತ್ತಿದ್ದದ್ದು, ಕನ್ನಡಕ ಎಲ್ಲಿ ಎಂಬುದೊಂದನ್ನೇ.

ಮಾತು ಇನ್ನೂ ಹನ್ನೆರಡನೆಯ ಅಧ್ಯಾಯದಲ್ಲೇ ಇತ್ತು. ಹತ್ತೊಂಬತ್ತೂ ಇಳಿದು ಮುಗಿದವೆಂದು ಪರದೆ ತೋರಿಸಿತು. ರಿಪೇರಿಯವಳು ಪರದೆಯನ್ನು ತನ್ನ ಕಡೆಗಷ್ಟೇ ತಿರುಗಿಸಿಕೊಂಡಳು. ಸದ್ದಾಗದ ಹಾಗೆ ಡಿಸ್ಕಿನ ಕರೆಂಟಿನ ತಂತಿ ಕಿತ್ತಳು. ಬೆರಳಿನಡಿಯ ಗುಂಯ್ ಸದ್ದು ಸಣ್ಣದಾಗಿ, ನಿಂತೇಹೋಯಿತು. ನರ್ಸಮ್ಮ ತಲೆಯೆತ್ತಿ ಅವಳನ್ನು ನೋಡಿದರು.

"ಆಯ್ತೇನಮ್ಮ?" ಎಂದು ಸಾಹೇಬರು ಕೇಳಿದರು.

"ಎಲ್ಲಿ ಸಾರ್, ಇನ್ನೂ ಹೊತ್ತಾಗತ್ತೆ," ಎಂದಳು ರಿಪೇರಿಯವಳು.

ನರ್ಸಮ್ಮ ನಿಂತ ಡಿಸ್ಕಿನ ಮೇಲೆ ಹೆಬ್ಬೆರಳನ್ನು ಇನ್ನಷ್ಟು ಒತ್ತಿದರು.

"ಹೂಂ ರೀ, ತಿರುಗ್ತಾನೇ ಇದೆ. ನೀವು ಕೇಳಿ."