ಅಮ್ಮನ ಕಣ್ಣು ತಪ್ಪಿಸಿ

ಕೆಳಗೆ ಮಗಳು ಜ್ಯೂಸ್ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದುದನ್ನು ಕಂಡು ಏಣಿಯ ಮೇಲಿದ್ದ ಪೇಂಟರ್‌ಗೆ ಜೀವ ಬಾಯಿಗೆ ಬಂತು. “ಮಗೂಗೆ ನೀರು, ಹಾಲು ಸಾಕು” ಎನ್ನುವ ಹೆಂಡತಿಯ ಕಣ್ಣು ತಪ್ಪಿಸಿ ಅಪ್ಪ-ಮಗಳು ನಿನ್ನೆ ಖಾಲಿ ಮಾಡಿದ್ದ ಬಾಟಲಿ ಅದು. ಈಗ ಅದರಲ್ಲಿದ್ದದ್ದು ಅವನು ಬ್ರಷ್ಷಿನ ಕಿತ್ತಳೆ ಬಣ್ಣ ತೊಳೆದ ಥಿನ್ನರ್.

ಬೇಡ ಎಂದು ಕೂಗಿದರೆ ಅವಳು ಗಟಗಟನೆ ಕುಡಿದುಬಿಡುತ್ತಾಳೆ. ಅದು ಅವನೇ ಕಲಿಸಿದ ಆಟ. ಬಾಟಲಿ ತುಟಿಯ ಹತ್ತಿರ ಬಂತು.

“ಪುಟ್ಟೀ, ಅಮ್ಮ ಬಂದ್ಳು!”

ಬಾಟಲಿ ಸರಕ್ಕನೆ ಬೆನ್ನ ಹಿಂದೆ ಹೋಯಿತು. ಅವನು ಏಣಿಯಿಂದ ಧುಮುಕಿದ. ಬಾಗಿಲಲ್ಲಿ ಯಾರೂ ಇಲ್ಲದ್ದನ್ನು ನೋಡಿ ಮಗಳು ಕಿಸಕ್ಕನೆ ನಕ್ಕಳು.

“ಸುಳ್ಳ ಅಪ್ಪ!” ಎಂದು ಬಾಟಲಿಯನ್ನು ಅವನತ್ತ ಚಾಚಿದಳು. “ಸರಿ, ಇವತ್ತು ಮೊದಲು ನೀನೇ ಕುಡಿ.”