ತಿಪ್ಪವ್ವನ ಹೆಸರಿನ ಕಲ್ಲು

ಹುಟ್ಟಿದ ಕೂಸುಗಳೆಲ್ಲ ತೀರಿಕೊಳ್ಳುತ್ತಿದ್ದ ಮನೆಯಲ್ಲಿ ಅವಳು ಹುಟ್ಟಿದಳು.

ತಿಪ್ಪೆಯ ಕಸ ಅಂದುಕೊಂಡು ಸಾವು ಇವಳನ್ನಾದರೂ ಬಿಟ್ಟು ಹೋಗಲಿ ಎಂದು ತಾಯಿ ಇಟ್ಟ ಹೆಸರು... ತಿಪ್ಪವ್ವ.

ಸಾವೇನೋ ಬಿಟ್ಟಿತು. ಊರು ಬಿಡಲಿಲ್ಲ. ಹಾಜರಿ ಕೂಗಿದಾಗಲೆಲ್ಲ ಕ್ಲಾಸಿಗೆ ಕ್ಲಾಸೇ ನಗುತ್ತಿತ್ತು... ಅವಳು ಶಾಲೆಯನ್ನೇ ಬಿಟ್ಟಳು.

ತಾಯಿ ಹೋದ ಮೇಲೆ, ಖಾನಾವಳಿಯಲ್ಲಿ ರೊಟ್ಟಿ ಬಡಿದು ತಮ್ಮ ಸಂಗಮನಾಥನನ್ನು ಓದಿಸಿದಳು.

ತಮ್ಮ ವಿಜ್ಞಾನಿಯಾದ. ಮಂಗಳ, ಗುರು ಗ್ರಹಗಳ ನಡುವೆ ತಿರುಗುವ ಲಕ್ಷಾಂತರ ಕಲ್ಲುಗಳಲ್ಲಿ, ಅದುವರೆಗೆ ಯಾರೂ ಕಾಣದ ಒಂದು ಅವನ ಟೆಲಿಸ್ಕೋಪಿಗೆ ಸಿಕ್ಕಿತು. ಅದರ ದಾರಿ ಖಚಿತವಾಗಲು ವರ್ಷಗಳೇ ಹಿಡಿದವು. ಆಮೇಲೆ ಫೋನ್ ಮಾಡಿದ.

"ಅಕ್ಕಾ, ಕಂಡುಹಿಡಿದವ್ರು ಅದಕ್ಕ ಹೆಸರು ಸೂಚಿಸಬಹುದು. ನಂದು ಇಡಂಗಿಲ್ಲ... ನಿಂದು ಇಡ್ತೀನಿ."

"ಎಂಥಾ ಕಲ್ಲೋ ಅದು?"

"ಗ್ರಹ ಮಾಡಿ ಉಳಿದ ಕಸ ಅಂತ ತಿಳ್ಕೋ."

ಅವಳು ಬಿದ್ದು ಬಿದ್ದು ನಕ್ಕಳು. "ಹಂಗಾದ್ರ ನನ್ನ ಹೆಸರು ಬರೋಬ್ಬರಿ ಕುಂದರ್ತೈತಿ ಬಿಡು!"

ಹೆಸರಿಗೆ ಒಪ್ಪಿಗೆ ಸಿಕ್ಕಿತು. ತಮ್ಮನ ಸನ್ಮಾನದ ದಿನ ಅವಳು ಇಳಕಲ್ ಸೀರೆ ಉಟ್ಟು ಮುಂದಿನ ಸಾಲಿನಲ್ಲಿ ಕುಳಿತಳು. ಒಂದೇ ಒಂದು ಸಲ ಆ ಹೆಸರನ್ನು ಮೈಕಿನಲ್ಲಿ ಕೂಗಬೇಕು... ಯಾರೂ ನಗಬಾರದು. ಅಷ್ಟೇ ಅವಳ ಆಸೆ.

ತಮ್ಮ ಮೈಕ್ ಹಿಡಿದ. "ಈ ಕ್ಷುದ್ರಗ್ರಹಕ್ಕೆ, ನನ್ನನ್ನು ಸಾಕಿದ ಅಕ್ಕನ ಹೆಸರು... ಜ್ಯೋತ್ಸ್ನಾ!"

ಚಪ್ಪಾಳೆಯೋ ಚಪ್ಪಾಳೆ...

ತಿಪ್ಪವ್ವ ತಿರುಗಿ ಹಿಂದಿನ ಸಾಲು ನೋಡಿದಳು. ಯಾರಿರಬಹುದು ಈಕೆ, ಎಂದು.

ಕೆಳಗಿಳಿದು ಬಂದ ತಮ್ಮನ ಮುಖ ಅರಳಿತ್ತು. "ಚಂದ ಐತಿಲ್ಲಕ್ಕಾ? ಬೆಳದಿಂಗಳು ಅಂತ ಅರ್ಥ. ಆ ಹಳೇ ಹೆಸರಿಟ್ಟು ಜಗತ್ತಿನ ಮುಂದ ನಿನ್ನ ನಗೆಪಾಟಲು ಮಾಡ್ಲೇನು?"

"ಜೋ... ಜೋಸ್ನಾ..." ಅವಳ ನಾಲಿಗೆ ಹೊರಳಲಿಲ್ಲ. "ಬದಲಿ ಮಾಡಾಕ ಬರ್ತೈತೇನೋ?"

"ಇಲ್ಲಕ್ಕಾ. ಒಮ್ಮೆ ಒಪ್ಪಿಗಿ ಆತಂದ್ರ ಅದೇ ಕಾಯಂ."

ಅವಳು ಎದ್ದು ನಿಂತಳು.

"ಆ ಹೆಸರು ಹೇಳೇ ಅವ್ವ ನನ್ನ ಸಾವಿನ ಕೈಯಿಂದ ಉಳಿಸ್ಕೊಂಡಳೋ ತಮ್ಮಾ... ಆಕಿಗೆ ನಾಚಿಕಿ ಆಗಿದ್ದಿಲ್ಲ. ಊರೆಲ್ಲ ನಕ್ಕರೂ ನೀನೊಬ್ಬವ ನಗಲಾರದ ಕರೀತಿ ಅಂದ್ಕೊಂಡಿದ್ದೆ."

ಸಂಗಮನಾಥ ಎಲ್ಲರೆದುರೇ ಅಳತೊಡಗಿದ.

ಚಿಕ್ಕವನಿದ್ದಾಗ ಅವನು ಅತ್ತರೆ ಸೆರಗಿನಿಂದ ಕಣ್ಣೊರೆಸುತ್ತಿದ್ದವಳು... ಈ ಸಲ ಕೈ ಎತ್ತಲಿಲ್ಲ.

ಆ ಕಲ್ಲು ಇವತ್ತಿಗೂ ಸೂರ್ಯನ ಸುತ್ತ ತಿರುಗುತ್ತಿದೆ... ಎಂದೂ ಹುಟ್ಟಿರದ ಒಬ್ಬ ಹೆಂಗಸಿನ ಹೆಸರು ಹೊತ್ತು.

ನಮ್ಮವರನ್ನು ತಿದ್ದಿ ಮೆರೆಸುವುದು ಗೌರವವಲ್ಲ... ಚಪ್ಪಾಳೆ ಬೀಳುವ ಅವಮಾನ.

ನಿಮ್ಮನ್ನು ಬೆಳೆಸಿದವರನ್ನು, ಅವರು ಇರುವ ಹಾಗೆಯೇ, ನಾಲ್ಕು ಜನರ ಮುಂದೆ ಕೊನೆಯ ಸಲ ಪರಿಚಯಿಸಿದ್ದು ಯಾವಾಗ?